ನಮ್ಮ ಅವ್ವನನ್ನು ನೀವು ಕರೆಯಿರಿ

ಹಿರಿಯರು ಗೋಡೆಗೆ ಬಂದ ಎಂಬತ್ತೆಂಟನೆಯ ವರ್ಷ, ನಡುಮಳೆ ತಿಂಗಳ ನಲವತ್ತೊಂದನೆಯ ದಿನ.

ಹಳಿಯಾಳದ ಕಾಡಂಚಿನ ಸಿದ್ದಿ ಕೇರಿಯಲ್ಲಿ ನನ್ನ ಮುತ್ತಜ್ಜಿಯ ಮುತ್ತಜ್ಜಿಗೆ ನೆರೆಹೊರೆಯಾಗಿರುವವರಿಗೆ ಪಾಸ್ಕಲಾ ಮಾಡುವ ನಮಸ್ಕಾರಗಳು.

ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ನಗಬೇಡಿ. ನಮ್ಮಲ್ಲಿ ಮಳೆ ನಿಲ್ಲುವವರೆಗೆ ತಿಂಗಳು ಮುಗಿಯುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನೀವು ಆಡುವ ಕನ್ನಡವೇ, ನಮ್ಮ ಕೈಗೆ ಸಿಕ್ಕಿ ಹೀಗಾಗಿದೆ. ಒಂದನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ಹಿರಿಯರಿಗೆ ಹೀಗೆ ಬರೆಯಬಾರದು, ಗೊತ್ತು. ಆದರೆ ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡು ಬಾಯಲ್ಲಿ ಬೆಲ್ಲ ಇಡುವುದು ನನಗೆ ಬರುವುದಿಲ್ಲ.

ನಿಮ್ಮ ಕೇರಿಯ ಒಂದು ಸಂಜೆಯ ವೀಡಿಯೊ ನಮ್ಮವರೆಗೂ ಉಳಿದು ಬಂದಿದೆ. ಹಿರಿಯರ ಪೂಜೆಯ ದಿನ ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಅಂಗಳದಲ್ಲಿ ತೆಂಗಿನಕಾಯಿ, ಅನ್ನ, ಕೋಳಿಸಾರು; ಹಿಂದೆಲ್ಲೋ ಡಮಾಮಿ ಡೋಲಿನ ಬಡಿತ. ಕೊರಳಲ್ಲಿ ಶಿಲುಬೆಯ ಜಪಮಾಲೆ ಹಾಕಿದ ಮುದುಕಿ, ಅವಳ ಪಕ್ಕ ಟೋಪಿ ಹಾಕಿದ ಹುಸೇನಣ್ಣ, ಅವರ ಪಕ್ಕ ಕುಂಕುಮವಿಟ್ಟ ಗಿರಿಜಕ್ಕ. ದೇವರು ಬೇರೆ ಬೇರೆ, ಹಿರಿಯರು ಮಾತ್ರ ಎಲ್ಲರಿಗೂ ಸೇರಿದವರು. "ಏ ಹುಸೇನಣ್ಣ, ಒಂಚೂರು ಸರದ ಕುಂದ್ರೋ, ನಿಮ್ಮಜ್ಜಗೂ ಜಾಗ ಬೇಕಲ್ಲ!" ಎಂದು ಗಿರಿಜಕ್ಕ ಗದರುತ್ತಾರೆ, ಎಲ್ಲರೂ ನಗುತ್ತಾರೆ. ನಿಮ್ಮ ನಗುವಿಗಿಂತ ಆ ಗದರಿಕೆ ಕೇಳಿ ನನಗೆ ಹೆಚ್ಚು ಉರಿಯುತ್ತದೆ. ಸರಿದು ಕೂರು ಎಂದು ನನಗೆ ಯಾರೂ ಹೇಳಿಲ್ಲ. ಪಕ್ಕದಲ್ಲಿ ಯಾರಾದರೂ ಇದ್ದರೆ ತಾನೇ ಸರಿಯುವುದು.

ನಾವು ಒಂಟಿಮನೆಗಳಲ್ಲಿ ಇರುವವರು. ಒಂದು ಮನೆ, ಒಂದು ಜೀವ. ಊಟ ಗೋಡೆಯ ಕಿಂಡಿಯಿಂದ ಬರುತ್ತದೆ, ಒಬ್ಬರಿಗೆ ಸಾಕಾಗುವಷ್ಟು ಮಾತ್ರ. ಸತ್ತವರು ಇರುವುದೂ ಗೋಡೆಯಲ್ಲೇ. ಮನುಷ್ಯ ತೀರಿಕೊಂಡ ಮೇಲೆ ಅವರ ದನಿ, ಮಾತಿನ ಧಾಟಿ, ಸಿಡುಕು ಎಲ್ಲವನ್ನೂ ಸಣ್ಣ ಪೆಟ್ಟಿಗೆಯಲ್ಲಿ ತುಂಬಿ ಗೋಡೆಗೆ ಕೂರಿಸಿಕೊಡುತ್ತಾರೆ. ಅದಕ್ಕೆ ನಾವು ದನಿಗೂಡು ಎನ್ನುತ್ತೇವೆ. ಮಾತಾಡಿಸಿದರೆ ಉತ್ತರ ಕೊಡುತ್ತದೆ. ನಮ್ಮ ಅವ್ವ ನತಾಲಿ ಈ ಬೇಸಿಗೆಯಲ್ಲಿ ತೀರಿಕೊಂಡಾಗ ನನಗೊಬ್ಬಳು ಅವ್ವ, ಅಕ್ಕ ಲೂಸಿಗೊಬ್ಬಳು ಅವ್ವ ಬಂದರು. ಯಾರ ಮನೆಯಲ್ಲಿದೆಯೋ ಅವರ ತಾಳಕ್ಕೆ ಕುಣಿಯುವುದು ಗೂಡಿನ ಗುಣ. ನನ್ನ ಅವ್ವ ನನ್ನನ್ನು ಹೊಗಳುತ್ತಾಳೆ, ಅಕ್ಕನನ್ನು ಬಯ್ಯುತ್ತಾಳೆ. ನಾನು ಹಿಗ್ಗಬೇಕಿತ್ತು. ಆದರೆ ಒಮ್ಮೆ ಅಕ್ಕನ ಬಾಗಿಲಲ್ಲಿ ನಿಂತಾಗ ಒಳಗೆ ಅವ್ವ ಮೂಗಿನಲ್ಲಿ ಗೊರಗೊರ ನಗುವುದು ಕೇಳಿತು, ಬದುಕಿದ್ದಾಗ ನಗುತ್ತಿದ್ದಂತೆಯೇ. ನನ್ನ ಗೂಡು ಹಾಗೆ ನಕ್ಕದ್ದೇ ಇಲ್ಲ. ಸತ್ತ ಮೇಲೂ ಅವ್ವ ಅಕ್ಕನ ಪಾಲಾದಳಲ್ಲ ಎಂದು ಮೈಯೆಲ್ಲ ಉರಿದು, ಬಾಗಿಲು ತಟ್ಟದೆ ಬಂದುಬಿಟ್ಟೆ.

ನಿಮ್ಮ ವೀಡಿಯೊ ನೋಡಿದವಳು ನಾನೇ ತಾನೇ? ಅಕ್ಕನಿಗಿಂತ ಮೊದಲು ಹಿರಿಯರ ಪೂಜೆ ಮಾಡಿ ಅವ್ವನನ್ನು ನಿಜವಾಗಿ ನನ್ನ ಮನೆಗೇ ಕರೆಸಿಕೊಳ್ಳುತ್ತೇನೆ ಎಂದು ಹೊರಟೆ. ಗೂಡಿನ ಮುಂದೆ ಎಲೆ ಹಾಕಿ, ಅನ್ನ ಬಡಿಸಿ, ಅವ್ವನ ಹೆಸರು ಹಿಡಿದು ಕೂಗಿದೆ. "ಏನ ಮಗಾ?" ಎಂದಿತು ಗೂಡು. ಅನ್ನ ಆರಿತು. ಬೇರೇನೂ ಆಗಲಿಲ್ಲ.

ನಮ್ಮಲ್ಲಿ ಎಲ್ಲರಿಗೂ ಸೇರಿದ ಗೂಡು ಒಂದೇ ಒಂದು, ಬಸ್ತ್ಯಾಂವಜ್ಜನದು. ಹಳೆಯ ಪದ್ಧತಿ ಬಲ್ಲವನೆಂದು ಉಳಿಸಿಕೊಂಡಿದ್ದಾರೆ. ಅವನನ್ನು ಕೇಳಿದರೆ ನಕ್ಕುಬಿಟ್ಟ. ತನ್ನ ಸತ್ತವರನ್ನು ತಾನೇ ಕರೆಯುವಂತಿಲ್ಲವಂತೆ. ನಿನ್ನವರನ್ನು ನೆರೆಯವರು ಕರೆಯಬೇಕು, ನೆರೆಯವರ ಹಿರಿಯರನ್ನು ನೀನು. ಆಫ್ರಿಕಾದಿಂದ ನಮ್ಮವರನ್ನು ಹಡಗಿನಲ್ಲಿ ಕಟ್ಟಿ ತಂದಾಗ ಅಕ್ಕಪಕ್ಕದಲ್ಲಿದ್ದವರದು ಬೇರೆ ಬೇರೆ ಊರು, ಬೇರೆ ಬೇರೆ ಭಾಷೆ. ತನ್ನವರನ್ನು ನೆನೆದು ಅತ್ತು ಅತ್ತು ಒಬ್ಬನ ದನಿ ನಿಂತುಹೋದಾಗ, ಪಕ್ಕದವನು ಆ ಹೆಸರುಗಳನ್ನು ತಾನು ಕೂಗಿದನಂತೆ. ನಾವಿದ್ದರೆ ನಾನು ಎಂಬ ತಿಳಿವನ್ನು ಅವರು ಬರುವಾಗಲೇ ತಂದಿದ್ದರು. ಮಿಕ್ಕಿದ್ದನ್ನೆಲ್ಲ ಕಸಿದುಕೊಂಡವರಿಗೆ ಅದೊಂದು ಕೈಗೆ ಸಿಗಲಿಲ್ಲ. ಸತ್ತ ಮೇಲಿನ ಮೊದಲ ಮಳೆಗಾಲ ಮುಗಿಯುವುದರೊಳಗೆ ಕರೆಯದಿದ್ದರೆ ಸತ್ತವರಿಗೆ ದಾರಿ ತಪ್ಪುತ್ತದೆ ಎಂದೂ ಅಜ್ಜ ಹೇಳಿದ. ಹಾಗಾದರೆ ನೀನೇ ಕರೆ ಅಜ್ಜಾ ಎಂದು ಅಂಗಲಾಚಿದೆ. "ನಾ ಕರದೇನು ತಂಗಿ, ಆದ್ರ ನಂಗ ಹಸಿವಿಲ್ಲ. ಎಲಿ ಮುಂದ ಕುಂತು ಉಣ್ಣದಾಂವ ಕರದ್ರ ಹಿರೇರು ಬರೂದಿಲ್ಲ" ಎಂದ.

ಪಕ್ಕದ ಮನೆಯ ಬಾಗಿಲು ತಟ್ಟಿದೆ. ಇಷ್ಟು ವರ್ಷದ ನೆರೆ, ಹೆಸರೂ ಗೊತ್ತಿರಲಿಲ್ಲ. ಆತ ಬಾಗಿಲ ಕಿಂಡಿಯಲ್ಲೇ ಮುಖ ತೋರಿಸಿ, "ನಿಮ್ಮ ತಾಯಿ ನಿಮ್ಮ ಗೋಡೆಯಲ್ಲೇ ಇದ್ದಾರಲ್ಲ, ನನ್ನನ್ನ ಯಾಕೆ ಕೇಳ್ತೀರಿ?" ಎಂದು ಮುಚ್ಚಿಕೊಂಡ. ಮುಂದಿನ ಬಾಗಿಲುಗಳು ತೆರೆಯಲೂ ಇಲ್ಲ. ಬೇರೆ ದಾರಿ ಕಾಣದೆ ಅಕ್ಕನಲ್ಲಿಗೆ ಹೋದೆ. ಅವಳೂ ನಿಮ್ಮ ವೀಡಿಯೊ ನೋಡಿ ಗೂಡಿನ ಮುಂದೆ ಎಲೆ ಹಾಕಿಕೊಂಡು ಕೂತಿದ್ದಳು, ಅವಳ ಅನ್ನವೂ ಆರಿತ್ತು. "ನಿನ್ನ ಅವ್ವ ನಿಂಗ ಹಾಡತಾಳಂತಲ್ಲ ಪಾಸ್ಕಲಾ. ನನ್ನ ಗೂಡು ಹಾಡೂದೇ ಇಲ್ಲ" ಎಂದು ಅತ್ತಳು. ನಗುವ ಅವ್ವ ಅವಳಲ್ಲಿ, ಹಾಡುವ ಅವ್ವ ನನ್ನಲ್ಲಿ, ಹೊಟ್ಟೆಕಿಚ್ಚು ಇಬ್ಬರಲ್ಲೂ. ಆದರೆ ಅಕ್ಕನಿಗೂ ಅವಳು ಅವ್ವನೇ, ಅಕ್ಕನೂ ಕರೆಯುವಂತಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ, ನನ್ನವರಿಗಲ್ಲ, ನನ್ನವರ ನೆರೆಯವರಿಗೆ. ಮುಂದಿನ ಪೂಜೆಯಲ್ಲಿ ಒಂದು ಹೆಸರು ಹೆಚ್ಚಿಗೆ ಕೂಗಿ. ಇನ್ನೂ ಹುಟ್ಟದವಳನ್ನು ಸತ್ತವಳೆಂದು ಕರೆಯುವುದು ಹೇಗೆ ಎಂದು ಗಿರಿಜಕ್ಕ ಗದರಬಹುದು. ಹಿರಿಯರ ಕಡೆ ನಿನ್ನೆ ನಾಳೆ ಇಲ್ಲ, ಎಲ್ಲ ಒಂದೇ ಅಂಗಳ ಎನ್ನುತ್ತಾನೆ ಬಸ್ತ್ಯಾಂವಜ್ಜ. ಇಲ್ಲಿ ಮಳೆ ಇನ್ನೂ ನಿಂತಿಲ್ಲ. ನಾನೂ ಅಕ್ಕನೂ ಗೂಡುಗಳ ಬಾಯಿ ಮುಚ್ಚಿಸಿ, ಒಂದೇ ಎಲೆಯ ಮುಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕಾಯುತ್ತೇವೆ.

ಕರೆಯುವಾಗ ನತಾಲಿ ಎನ್ನಬೇಡಿ, ಆ ಹೆಸರಿಗೆ ಅವಳು ಓಗೊಡುತ್ತಿದ್ದುದು ಕಡಿಮೆ. ಪಾಸ್ಕಲಾನ ಅವ್ವ ಎಂದು ಕರೆಸಬೇಕೆಂದು ನನಗೆ ಎಷ್ಟು ಆಸೆಯಿದೆ ಎಂದರೆ, ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ. ಹಾಗೆ ಕರೆಯಬೇಡಿ. ನಮ್ಮಲ್ಲಿ ತಾಯಿಗೆ ಹಿರಿಮಗಳ ಹೆಸರೇ ಹೆಸರು. "ಲೂಸಿಯವ್ವಾ, ಉಣ್ಣಾಕ ಬಾ" ಎಂದು ಗಟ್ಟಿಯಾಗಿ ಕೂಗಿ. ಅವಳು ತಿರುಗಿ ನೋಡುವುದು ಆ ಹೆಸರಿಗೇ.