ನಿಂತು ಬಡಿದ ರೊಟ್ಟಿ

ಅಕ್ಟೋಬರ್ 16. ಆಸ್ಪತ್ರೆ. ಬೆಳಿಗ್ಗೆ 7

ಇಡ್ಲಿ ಬಂತು. ಕಲ್ಲು. ತಿಂದೆ. ಬಲ ಮೊಣಕಾಲು ಬದಲಿಸಿ ಇಂದಿಗೆ ಮೂರು ದಿನ. ಫಿಸಿಯೋ ಹುಡುಗಿ ತೇಜಸ್ವಿನಿ ಕಾಲು ಎಷ್ಟು ಬಗ್ಗುತ್ತದೆ ಅಂತ ಅಳೆದಳು — ಅರವತ್ತೆಂಟು ಡಿಗ್ರಿ. ಪಕ್ಕದ ಬೆಡ್ಡಿನವರದು ಐವತ್ತೈದು. ಕೇಳಬಾರದಿತ್ತು. ಕೇಳಿದೆ. ಮೂವತ್ನಾಲ್ಕು ವರ್ಷ ಕಾರ್ಖಾನೆಯ ಇನ್‌ಸ್ಪೆಕ್ಷನ್‌ನಲ್ಲಿ ಪಾಸು-ಫೇಲು ಹಾಕಿದ ಕೈ. ರಿಟೈರ್ ಆದರೂ ಹುಟ್ಟುಗುಣ ಬಿಡುತ್ತದೆಯೇ...

ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಬಂದೆ. ಕಣ್ಣಲ್ಲಿ ನೀರು. ನಮ್ಮ ಯಜಮಾನರು ನೋಡದ ಹಾಗೆ ಒರೆಸಿಕೊಂಡೆ. ನೋಡಿದ್ದರು. ಪೇಪರ್ ಎತ್ತಿ ಮುಖಕ್ಕೆ ಹಿಡಿದರು.

ಅಕ್ಟೋಬರ್ 18. ಮನೆ, ಕುಷಾಯಿಗೂಡ

ಡಿಸ್ಚಾರ್ಜ್. ಕುರ್ಚಿ ಎತ್ತರದ್ದು ಇರಬೇಕು. ವ್ಯಾಯಾಮ ದಿನಕ್ಕೆ ಮೂರು ಸಲ. ನೆಲದ ಮೇಲೆ ಕೂರಬಾರದು. ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿದೆ. ನಕ್ಕರು. ತೇಜಸ್ವಿನಿ ಬಿಡಿಸಿ ಹೇಳಿದಳು: "ನೇಲ ಮೀದ ಕೂರ್ಚೋವದ್ದು ಆಂಟೀ. ಎಪ್ಪಟಿಕೀ." ಯಾವತ್ತೂ ಕೂರಬಾರದಂತೆ.

ಹಾಗಾದರೆ ರೊಟ್ಟಿ?

ಅಕ್ಟೋಬರ್ 19

ಎಳ್ಳ ಅಮಾವಾಸ್ಯೆಗೆ ಸರಿಯಾಗಿ ಎರಡು ತಿಂಗಳು. ಈ ತೆಲುಗು ಊರಿನಲ್ಲಿ ನಮ್ಮ ಕಡೆಯವರು ಇಪ್ಪತ್ತೆರಡು ಮನೆ. ಪ್ರತಿ ವರ್ಷ ಅಮಾವಾಸ್ಯೆಯ ನಂತರದ ಭಾನುವಾರ ಕೀಸರದ ಹತ್ತಿರ ಆನಂದಕುಮಾರರ ಹೊಲದಲ್ಲಿ ಸೇರುತ್ತೇವೆ. ಮೊದಲು ರೊಟ್ಟಿ-ಅನ್ನ ಹೊಲಕ್ಕೆ ಎರಚಿ ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ನಮ್ಮ ಊಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನನ್ನ ಪಾಲಿನದು. ಹತ್ತೊಂಬತ್ತು ವರ್ಷದಿಂದ. ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ.

ನೆಲದ ಮೇಲೆ ಮಣೆ. ಒಂದು ಕಾಲು ಮಡಿಚಿ, ಒಂದು ಚಾಚಿ. ಅವ್ವ ಸಿಂದಗಿಯಲ್ಲಿ ಕಲಿಸಿದ್ದು. ಹೋದ ವರ್ಷ ಎದುರು ಮನೆಯ ಸುಮತಿ ಅಡುಗೆ ಕಟ್ಟೆಯ ಮುಂದೆ ನಿಂತು ಬಡಿದು ಹತ್ತು ರೊಟ್ಟಿ ತಂದಿದ್ದಳು. ಎಲ್ಲರ ಮುಂದೆ ಅಂದೆ — "ನಿಂತು ಬಡದದ್ದು ರೊಟ್ಟಿ ಅಲ್ಲವಾ, ಹಪ್ಪಳ." ಎಲ್ಲ ನಕ್ಕರು. ಅವಳೂ ನಕ್ಕಳು. ಈಗ ಯಾಕೋ ಅದೇ ನೆನಪು.

ನವೆಂಬರ್ 9

ತೊಂಬತ್ತೆರಡು! ತೇಜಸ್ವಿನಿ ತೊಂಬತ್ತು ಅಂದಳು. ಇನ್ನೊಮ್ಮೆ ಅಳೆಸಿದೆ. ತೊಂಬತ್ತೆರಡೇ.

ಸುಮತಿ ಫೋನ್. "ಅಕ್ಕಾರ, ಈ ವರ್ಷ ಆರಾಮ ತಗೋರಿ. ರೊಟ್ಟಿ ಅಂಗಡಿಯಿಂದ ತರಸ್ತೀವಿ."

"ಅಂಗಡಿ ರೊಟ್ಟಿ ಭೂಮಿತಾಯಿಗೆ ಚೆಲ್ತೀರೇನು? ನಾನ ಮಾಡ್ತೀನಿ. ನೂರಾ ಇಪ್ಪತ್ತು."

ಫೋನ್ ಇಟ್ಟೆ. ಆಡಿದ ಮಾತು, ಒಡೆದ ಮುತ್ತು.

ನವೆಂಬರ್ 27

ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ನಮ್ಮವರು ಹತ್ತಕ್ಕೆ ಬೇಗಂ ಬಜಾರಿಗೆ ಹೋದರು, ಸಜ್ಜೆ, ಎಳ್ಳು ತರಲು. ಮನೆಯಲ್ಲಿ ಒಬ್ಬಳೇ. ಹಳೆಯ ಹಿಟ್ಟು ಇತ್ತು. ಒಂದೇ ಸಲ ಕೂತು ನೋಡೋಣ ಅಂತ... ಚಿಕ್ಕ ಒಲೆ ನೆಲಕ್ಕಿಳಿಸಿ, ಕುರ್ಚಿ ಹಿಡಿದು, ಎಡಗಾಲಿನ ಮೇಲೆ ಭಾರ ಹಾಕಿ ಕೂತೇ ಬಿಟ್ಟೆ. ಗೆದ್ದೆ ಅನ್ನಿಸಿತು. ನಾಲ್ಕು ರೊಟ್ಟಿ ಬಡಿದೆ. ಪೂರ್ಣ ಚಂದ್ರ ಒಂದೊಂದೂ.

ಏಳಲು ಆಗಲಿಲ್ಲ. ಹೊಸ ಮೊಣಕಾಲು ಮೇಲೆ ಎತ್ತದು. ಹಳೆಯದಕ್ಕೆ ಶಕ್ತಿ ಇಲ್ಲ. ಕುರ್ಚಿ ಹಿಡಿದರೆ ಜಾರುತ್ತದೆ. ಒಲೆ ಆರಿಸಿದೆ. ಫೋನು ಟೇಬಲ್ ಮೇಲೆ.

ಹನ್ನೊಂದರ ಸುಮಾರಿಗೆ ಬೆಲ್. ಚಪ್ಪಲಿ ಸದ್ದು ಗೊತ್ತು — ಸುಮತಿ. "ಅಕ್ಕಾರ, ಅದೀರೇನ್ರಿ?" ಇನ್ನೊಮ್ಮೆ ಬೆಲ್. ಕೂಗಿದ್ದರೆ ಮುಗಿಯುತ್ತಿತ್ತು. ಉಸಿರು ಬಿಗಿಹಿಡಿದು ಕೂತೆ. ಅವಳು ಹೋದಳು.

ಇನ್ನೂ ಒಂದು ತಾಸು ನೆಲದ ಮೇಲೆ.

ನಮ್ಮವರು ಬಂದು ಕೀಲಿ ತೆಗೆದರು. ಬೈಯಲಿಲ್ಲ. ಎತ್ತಲು ನೋಡಿದರು. ಐವತ್ತೆರಡು ಕೇಜಿಯ ಮನುಷ್ಯ, ಎಪ್ಪತ್ತೆಂಟು ಕೇಜಿಯ ನನ್ನನ್ನು ಎಲ್ಲಿ ಎತ್ತುತ್ತಾರೆ? ಬೇಡ ಬೇಡ ಅನ್ನುತ್ತಿದ್ದಂತೆ ಹೋಗಿ ಕರೆದುಕೊಂಡು ಬಂದರು. ಯಾರನ್ನು? ಸುಮತಿಯನ್ನೇ.

ಅವಳು ಬಂದವಳೇ ನನ್ನ ಕಂಕುಳಿಗೆ ಕೈ ಹಾಕಿದಳು. ಮೊದಲು ಗಿಡ್ಡ ಸ್ಟೂಲಿಗೆ, ಅಲ್ಲಿಂದ ಕುರ್ಚಿಗೆ. "ಸೋಮಣ್ಣಾರ, ಆ ಕಡೆ ಹಿಡೀರಿ. ಅಕ್ಕಾರ, ಅವಸರಿಲ್ರಿ." ಅವಳ ಅತ್ತೆಯದೂ ಎರಡು ಮೊಣಕಾಲು ಬದಲಿಸಿದ್ದಾರಂತೆ. ಹತ್ತು ವರ್ಷ ಎದುರಿಗಿದ್ದೂ ನನಗೆ ತಿಳಿದಿರಲಿಲ್ಲ.

ನಂತರ ಹಿಟ್ಟಿನ ಬುಟ್ಟಿ ನೋಡಿದಳು. "ಹಿಟ್ಟು ಒಣಗಾಕತ್ತೈತ್ರಿ." ಸೆರಗು ಸಿಕ್ಕಿಸಿ, ಕಟ್ಟೆಯ ಮುಂದೆ ನಿಂತು, ಉಳಿದ ಹಿಟ್ಟಿನಲ್ಲಿ ಆರು ಬಡಿದಳು. ನೋಡಿದೆ. ಇನ್‌ಸ್ಪೆಕ್ಷನ್ ಕಣ್ಣಿನಿಂದಲೇ ನೋಡಿದೆ. ಅಂಚು ತೆಳು, ನಡುವೆ ಒಂದೇ ಸಮ. ತಪ್ಪು ಸಿಗಲಿಲ್ಲ.

ನವೆಂಬರ್ 28

ಎಕ್ಸ್‌ರೇ ಸರಿಯಾಗಿದೆ. ತೇಜಸ್ವಿನಿ ಅರ್ಧ ತಾಸು ಬೈದಳು, ತೆಲುಗು, ಹಿಂದಿ ಎರಡರಲ್ಲೂ. ಬೈಸಿಕೊಂಡೆ.

ಡಿಸೆಂಬರ್ 1

ನಾನೇ ಫೋನ್ ಮಾಡಿದೆ. ಜೀವನದಲ್ಲಿ ಇಷ್ಟು ಕಷ್ಟದ ಫೋನ್ ಮಾಡಿಲ್ಲ. "ಸುಮತಿ, ನಿಂತು ಬಡಿಯೋದು ಹೆಂಗ, ತೋರಸ್ತೀಯೇನು?"

ಆ ಕಡೆಯಿಂದ: "ಹಪ್ಪಳ ಬಡಿಯೋದೇನ್ರಿ?"

ಇಬ್ಬರೂ ನಕ್ಕೆವು. ನನಗೆ ನಗುತ್ತ ಅಳು ಬಂತು.

ಡಿಸೆಂಬರ್ 5

ಕಟ್ಟೆ ನನಗೆ ಎತ್ತರ. ಭುಜ ಹಿಡಿಯುತ್ತದೆ, ರೊಟ್ಟಿ ತಿರುಗುವುದಿಲ್ಲ. ಅಳೆದೆ. ಮೂರೂವರೆ ಇಂಚು ಹೆಚ್ಚು. ವ್ಯಾಯಾಮಕ್ಕೆ ತೇಜಸ್ವಿನಿ ಹತ್ತಿ ಇಳಿಯಲು ಹೇಳಿದ ಮೆಟ್ಟಿಲು ನೆನಪಾಯಿತು. ಅದೇ ಎತ್ತರ! ನಮ್ಮವರು ಹಳೆಯ ಮಂಚದ ಹಲಗೆ ಕೊಯ್ದು ಅಗಲವಾದದ್ದೊಂದು ಮಾಡಿಕೊಟ್ಟರು, ಅಲುಗದ ಹಾಗೆ. ತೇಜಸ್ವಿನಿ ತಾನೇ ಹತ್ತಿ ಕುಣಿದು ನೋಡಿ ಪಾಸು ಮಾಡಿದಳು.

ಇವತ್ತು ಏಳು. ಎರಡು ಹರಿದವು.

ಡಿಸೆಂಬರ್ 12

ಇಪ್ಪತ್ತು. ನಡುವೆ ಎರಡು ಸಲ ಕೂತೆ. ನೂರಾ ಎಂಟು ಡಿಗ್ರಿ.

ಡಿಸೆಂಬರ್ 20, ಸಂಜೆ

ನಾಲ್ಕು ದಿನ, ದಿನಕ್ಕೆ ಮೂವತ್ತು. ನೂರಾ ಇಪ್ಪತ್ತು ಆಯಿತು. ಸುಮತಿ ಬೇಯಿಸಿದಳು, ನಾನು ಬಡಿದೆ. ಒಂದೂ ಅಂಗಡಿಯದಲ್ಲ. ಕಾಲು ಬಾತಿದೆ. ಐಸ್ ಇಟ್ಟು ಕೂತು ಬುಟ್ಟಿ ನೋಡುತ್ತಿದ್ದೇನೆ. ನನಗೆ ನನ್ನ ಮೇಲೆ ಹೆಮ್ಮೆ. ಹೌದು, ಇದೆ. ಯಾಕೆ ಇರಬಾರದು?

ಡಿಸೆಂಬರ್ 21

ಹೊಲ. ವಾಕರ್ ಒಯ್ಯಲಿಲ್ಲ, ಕೋಲು ಮಾತ್ರ. ಚರಗ ಚೆಲ್ಲುವಾಗ ಅದನ್ನೂ ನಮ್ಮವರ ಕೈಗೆ ಕೊಟ್ಟೆ. ಬದುವಿನ ಮೇಲೆ ನಿಧಾನವಾಗಿ, ಹನ್ನೆರಡು ಹೆಜ್ಜೆ.

ಊಟಕ್ಕೆ ಕೂತಾಗ ಆನಂದಕುಮಾರರು ರೊಟ್ಟಿ ಮುರಿದು, "ವಿಶಾಲಾಕ್ಷಿ ಅಕ್ಕಾರ ಕೈ ಬ್ಯಾರೆನ ಐತ್ರಿ" ಅಂದರು. ಸುಮ್ಮನಿದ್ದರೂ ನಡೆಯುತ್ತಿತ್ತು. ಕುರ್ಚಿಯಿಂದ ಎದ್ದು ನಿಂತೆ. "ಎಲ್ಲಾ ನಿಂತು ಬಡದದ್ದು. ಸುಮತಿ ಕಲಿಸ್ಯಾಳ. ಹೋದ ವರ್ಷ ನಾ ಅಂದದ್ದು ತಪ್ಪು."

ಸುಮತಿ ತಲೆ ತಗ್ಗಿಸಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಡಿಸೆಂಬರ್ 22, ಸಂಜೆ 5

ಎಡ ಮೊಣಕಾಲಿನ ಆಪರೇಷನ್‌ಗೆ ಮಾರ್ಚ್‌ನಲ್ಲಿ ತಾರೀಖು. ಹೆದರಿಕೆ ಇಲ್ಲ ಅಂದರೆ ಸುಳ್ಳು. ಮೆಟ್ಟಿಲು ಹೇಗೂ ತಯಾರಿದೆ, ಮತ್ತೆ ಏಳು ರೊಟ್ಟಿಯಿಂದ ಶುರು ಮಾಡಿದರೆ...

ಬೆಲ್. ಚಪ್ಪಲಿ ಸದ್ದು ಅವಳದೇ, ಬುಟ್ಟಿ ಕೊಡಲು ಬಂದಿರಬೇಕು. ನಮ್ಮವರು ಏಳುತ್ತಿದ್ದಾರೆ. "ನೀವು ಕೂಡ್ರಿ" ಅಂದೆ. ಬಾಗಿಲು ನಾನೇ ಎದ್ದು ತೆಗೆಯುತ್ತೇನೆ.