ನಾನು ಕಟ್ಟಿದ ಏಪ್ರನ್

ಎಡಿಸನ್
ಮೇ ೧೧, ೨೦೦೨

ನನ್ನ ನಂದಿತಾಗೆ,

ನೀವು ಮೂವರೂ ಈ ದೇಶ ಬಿಟ್ಟು ಮೈಸೂರು ಸೇರಿದ ಸುದ್ದಿ ಕಮಲವ್ವನಿಂದ ತಿಳಿಯಿತು. ನಿನ್ನ ವಿಳಾಸ ಕೊಟ್ಟವರೂ ಅವರೇ. ಹೊರಡುವಾಗ ನೀನು ಈ ಶೈಲಕ್ಕನಿಗೆ ಒಂದು ಫೋನೂ ಮಾಡಲಿಲ್ಲ. ಮಾಡದಿದ್ದದ್ದೇ ಸರಿ. ಕೀರ್ತಿಗೆ ಅಲ್ಲಿಯ ಸ್ಕೂಲು ಹಿಡಿಸಿತೇ? ಅಜ್ಜಿಯ ಜೊತೆಗೂ ಇಂಗ್ಲಿಷಿನಲ್ಲೇ ಜಗಳವಾಡುತ್ತಾಳಂತೆ!

ನಮ್ಮ ಹಳ್ಳಿಯಲ್ಲಿ ಕತೆ ಹೇಳುತ್ತಿದ್ದ ನಮ್ಮಜ್ಜಿ, ಕಷ್ಟದ ಜಾಗ ಬಂದರೆ ಎಲೆಅಡಿಕೆ ಹಾಕಿಕೊಳ್ಳುತ್ತ ಕೂರುತ್ತಿದ್ದಳು. ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ. ಸಾಕು, ಹೇಳಿಬಿಡುತ್ತೇನೆ.

ಯುಗಾದಿಯ ಮುಂದಿನ ಶನಿವಾರ ನೀನು ಬರಲಿಲ್ಲ, ಫೋನೂ ಎತ್ತಲಿಲ್ಲ. ಹುಷಾರಿಲ್ಲವೇನೋ ಎಂದು ಕೀರ್ತಿಗೆ ಕೊಬ್ಬರಿ ಮಿಠಾಯಿ ಮಾಡಿಕೊಂಡು ವುಡ್‌ಬ್ರಿಡ್ಜ್‌ಗೆ ಡ್ರೈವ್ ಮಾಡಿಕೊಂಡು ಬಂದೆ. ನಿಮ್ಮ ಅಪಾರ್ಟ್‌ಮೆಂಟಿನ ಬಾಗಿಲು ತೆರೆದಿತ್ತು, ಒಳಗೆ ಯಾರೋ ಗೋಡೆಗೆ ಬಣ್ಣ ಹೊಡೆಯುತ್ತಿದ್ದರು. ಎದುರು ಮನೆಯಿಂದ ಕಮಲವ್ವ ಹೊರಗೆ ಬಂದರು. ಮಗನ ಮನೆಗೆಂದು ಗದಗದಿಂದ ಬಂದ ಆ ಹಿರಿಯರನ್ನು ನಾನು ಅಲ್ಲಿಯವರೆಗೆ ಮಾತಾಡಿಸಿರಲೇ ಇಲ್ಲ.

"ಅಯ್ಯ, ನಿನಗ ಗೊತ್ತಿಲ್ಲೇನ ಯವ್ವಾ? ನವೆಂಬರ್‌ದಾಗ ನಂದಿತಾನ ಗಂಡ ಮುಕುಂದನ ನೌಕರಿ ಹೋತು. ಕೂಸಿಗೆ ನಾ ಉಣಸ್ತಿದ್ದೆ. ಆಕಿನ್ನ ಕರದ್ರ, 'ನಂದು ಊಟ ಆತು' ಅಂತಿದ್ಲು. ಹೊಟ್ಟಿ ಬೆನ್ನಿಗೆ ಹತ್ತಿತ್ತು. ಶನಿವಾರಕ್ಕೊಮ್ಮೆ ಬಡವರಿಗೆ ರೇಶನ್ ಹಂಚಾಕ ಹೋಗ್ತಿದ್ಲಲ್ಲ, ಅಲ್ಲಿ ನೀವು ಆಕಿಗೇನೂ ಕೊಡ್ತಿರಲಿಲ್ಲೇನು?"

ಕೊಡುತ್ತಿರಲಿಲ್ಲ ನಂದಿತಾ. ನಾನು ಮಿಠಾಯಿ ಡಬ್ಬಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಜನವರಿಯ ಆ ಶನಿವಾರ ನೀನು ಚರ್ಚಿನ ನೆಲಮಾಳಿಗೆಗೆ ಬಂದಾಗ ನಮ್ಮ ಕನ್ನಡ ಸಂಘದ ಹೆಂಗಸರು ಅಕ್ಕಿ, ಬೀನ್ಸ್ ಡಬ್ಬಿ, ಹಾಲಿನ ಪುಡಿ ಚೀಲಕ್ಕೆ ತುಂಬುತ್ತಿದ್ದೆವು. ನೀನು ಬಾಗಿಲಲ್ಲಿ ನಿಂತಿದ್ದೆ. ನಮ್ಮವಳು ಸೇವೆಗೆ ಬಂದಳು ಎಂದೇ ನಾನು ನಂಬಿದೆ. "ಓಹೋ, ನೀನೂ ಬಂದ್ಯಾ! ಬಾ ಬಾ, ಕೈ ಸಾಲ್ತಾ ಇಲ್ಲ" ಎಂದು ಓಡಿಬಂದು, ನೀನು ಬಾಯಿ ತೆರೆಯುವುದರೊಳಗೆ ಏಪ್ರನ್ ತೊಡಿಸಿ ಹಿಂದೆ ಗಂಟು ಹಾಕಿದೆ. "ಅಕ್ಕ, ನಾನು..." ಎಂದೆ ನೀನು. "ಕೂತು ಮಾತಾಡೋಣ, ಮೊದಲು ಈ ಮೂಟೆ ಬಿಚ್ಚು" ಎಂದೆ ನಾನು. ಕೂತು ಮಾತಾಡಲೇ ಇಲ್ಲ.

ಸೇವೆಗೆ ಬಂದವರು ಅಲ್ಲಿನ ಒಂದು ಕಾಳನ್ನೂ ಮನೆಗೆ ಒಯ್ಯಬಾರದು ಎಂಬುದು ಚರ್ಚಿನವರ ನಿಯಮವಲ್ಲ, ನಮ್ಮದು. ಇಂಡಿಯನ್ನರು ಹೊತ್ತುಕೊಂಡು ಹೋದರು ಅನ್ನಿಸಿಕೊಳ್ಳಬಾರದಲ್ಲ! ಅಂದು ಸಂಜೆ ಚರ್ಚಿನ ಮುದುಕಿ ಉಳಿದ ಬ್ರೆಡ್ಡನ್ನು ನಿನ್ನ ಕೈಗೆ ಕೊಡಲು ಬಂದಳು. ನೀನು ಕೈ ಚಾಚಿದ್ದೆ. "ನೋ, ನೋ, ವಿ ಆರ್ ವಾಲಂಟಿಯರ್ಸ್" ಎಂದು ನಡುವೆ ಬಂದವಳು ನಾನು.

ಆಮೇಲೆ ಪ್ರತಿ ಶುಕ್ರವಾರ ನಿನಗೆ ಫೋನು, ಪ್ರತಿ ಶನಿವಾರ ಅದೇ ಏಪ್ರನ್. ಮುಕುಂದನ ಕೆಲಸ ವಿಚಾರಿಸಿದರೆ "ಬೆಂಚ್‌ನಲ್ಲಿದ್ದಾರೆ ಅಕ್ಕ, ಮುಂದಿನ ವಾರ ಹೊಸ ಪ್ರಾಜೆಕ್ಟ್" ಎನ್ನುತ್ತಿದ್ದೆ. ಎಷ್ಟು ಮುಂದಿನ ವಾರಗಳು ಹೋದವು! ಇಲ್ಲಿ ಬೆಂಚ್ ಎಂದರೆ ಸಂಬಳವಿಲ್ಲ ಎಂದು ಸಾಫ್ಟ್‌ವೇರ್‌ನವರ ಮನೆಯ ಬೆಕ್ಕಿಗೂ ಗೊತ್ತು.

ಯುಗಾದಿಗೆ ವೇದಿಕೆಗೆ ಕರೆದು ನಿನಗೆ ಶಾಲು ಹೊದಿಸಿದೆವು. ಒಂದು ಶನಿವಾರವೂ ತಪ್ಪಿಸದ ಸ್ವಯಂಸೇವಕಿ! ಸಂಘದ ಅಧ್ಯಕ್ಷೆ ತ್ರಿಪುರಸುಂದರಿ ಮೈಕಿನಲ್ಲೇ "ಇಷ್ಟು ಸಣ್ಣಗೆ ಹೇಗಮ್ಮಾ ಆದೆ? ಆ ಡಯಟ್ ನಮಗೂ ಹೇಳ್ಕೊಡು" ಎಂದಾಗ ಸಭೆಯೆಲ್ಲ ನಕ್ಕಿತು. ನೀನೂ ನಕ್ಕೆ. ಹಣ್ಣಿನ ಬುಟ್ಟಿಯನ್ನು ಮಾತ್ರ ಎರಡೂ ಕೈಯಲ್ಲಿ ಅವಚಿಕೊಂಡು, ಊಟಕ್ಕೂ ನಿಲ್ಲದೆ ಹೊರಟುಬಿಟ್ಟೆ. ಮನೆಯಲ್ಲಿ ಕೀರ್ತಿ, ಮುಕುಂದ ಕಾಯುತ್ತಿದ್ದಾರೆಂದು ನನಗೆ ಹೊಳೆಯಲಿಲ್ಲ. ಮೂರು ತಿಂಗಳಲ್ಲಿ ನಾವು ನಿನಗೆ ಕೊಟ್ಟ ಆಹಾರ ಅದೊಂದೇ.

ಆ ನಿಯಮ ತೆಗೆಯಿರಿ ಎಂದು ಸಂಘದಲ್ಲಿ ಕೇಳಿದೆ. ಕಾರಣ ಕೇಳಿದರು. ನಿನ್ನ ಹೆಸರು ಹೇಳಲಿಲ್ಲ, ಅಳು ಮಾತ್ರ ಬಂತು.

ನೀನು ಕ್ಷಮಿಸುವೆಯೋ ಇಲ್ಲವೋ ತಿಳಿಯದೆ ನನಗೆ ಊಟ ಸೇರುತ್ತಿಲ್ಲ. ನಿನ್ನೆದುರು ಈ ಮಾತು ಬರೆಯಲೂ ನಾಚಿಕೆ. ಬೈದಾದರೂ ಎರಡು ಸಾಲು ಬರೆ.

ಪತ್ರದ ದಾರಿ ನೋಡುವ,
ಶೈಲಕ್ಕ

ಮರೆಮಾಚಿದ್ದೊಂದು: ಅಂಟಿಸಿದ ಲಕೋಟೆ ಮತ್ತೆ ಒಡೆದು ಇದನ್ನು ಸೇರಿಸುತ್ತಿದ್ದೇನೆ. ನೀನು ಸೇವೆಗೆ ಬಂದೆ ಎಂದು ನಂಬಿದೆ ಎಂದೆನಲ್ಲ, ಅದು ಸುಳ್ಳು. ರೇಶನ್ ಪಡೆಯುವವರಿಗೆ ಬಾಗಿಲಲ್ಲಿ ಕೊಡುವ ನಂಬರಿನ ಚೀಟಿ ನಿನ್ನ ಕೈಯಲ್ಲಿತ್ತು. ಮೂವತ್ತೊಂಬತ್ತು. ನಾನು ನೋಡಿದೆ. ತ್ರಿಪುರಸುಂದರಿ ಅತ್ತ ತಿರುಗುತ್ತಿದ್ದರು; ನಮ್ಮವಳೊಬ್ಬಳು ಆ ಸಾಲಿನಲ್ಲಿ ಅವರ ಕಣ್ಣಿಗೆ ಬೀಳಬಾರದೆಂದು ಏಪ್ರನ್ ಹಿಡಿದು ಓಡಿಬಂದೆ. ನಿನ್ನ ಮಾನ ಕಾಪಾಡಿದೆ ಎಂದುಕೊಂಡು ಆ ದಿನ ಮನೆಗೆ ಹೋಗಿ ನೆಮ್ಮದಿಯಾಗಿ ಉಂಡೆ. ನಂಬರು ಕೂಗುವ ಪಾಳಿ ಅಂದು ನನ್ನದೇ ಆಗಿತ್ತು. ಮೂವತ್ತೆಂಟು ಮುಗಿದ ಮೇಲೆ ನಾನು ನಲವತ್ತು ಎಂದು ಕೂಗಿದೆ. ಹಾಲಿನ ಪುಡಿ ಜೋಡಿಸುತ್ತಿದ್ದ ನೀನು ತಲೆ ಎತ್ತಿ ನನ್ನನ್ನು ನೋಡಿದೆ.