ಬಲಗಾಲಿನ ಒಂದು ಗೇಣು

ಭಾನುವಾರ, ಮಾರ್ಚ್ ೯

ನನ್ನ ಗುಂಡಮ್ಮನಿಗೆ,

ಅಮ್ಮನಿಂದ ತುಂಬಾ ತುಂಬಾ ಮುದ್ದು. ಕೋಚ್ ನಿನ್ನನ್ನು ಫುಟ್‌ಬಾಲ್ ಫೈನಲ್‌ನಿಂದ ಕೈಬಿಟ್ಟ ದಿನವೇ ಬರೆಯಬೇಕಿತ್ತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಅಂತೂ ನೀನು ಎತ್ತುವುದಿಲ್ಲ. ಕಾಗದವಾದರೆ ಹರಿದು ಹಾಕುವ ಮೊದಲು ಒಂದೆರಡು ಸಾಲಾದರೂ ಕಣ್ಣಿಗೆ ಬಿದ್ದೀತು ಎಂಬ ಆಸೆ.

ಇಲ್ಲಿ ಎಲ್ಲರೂ ಕ್ಷೇಮ, ಅಂದರೆ ಹೇಗೋ ನಡೆಯುತ್ತಿದೆ. ನಿಮ್ಮಪ್ಪ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದಾರೆ. ವ್ಯಾಯಾಮ ಹೇಳಿಕೊಟ್ಟರೆ, "ಊರವರ ಮೈಯೆಲ್ಲ ಗಟ್ಟಿ ಮಾಡ್ಸು, ನನ್ನೊಬ್ಬನ್ನ ಬಿಟ್ಬಿಡು" ಅನ್ನುತ್ತಾರೆ. ನನಗೂ ಸಾಕಾಗಿದೆ. ಬೆಳಗ್ಗೆ ಲ್ಯಾಬಿನ ಬಾಗಿಲು ತೆಗೆದರೆ ರಬ್ಬರ್ ಹಾಸಿನ ವಾಸನೆ, ಸಂಜೆ ಮನೆಗೆ ಬಂದರೆ ನನ್ನ ಬಟ್ಟೆಯಲ್ಲೂ ಅದೇ. ಆಟಗಾರರ ಕಾಲು ಯಾಕೆ ಕೈಕೊಡುತ್ತದೆ ಅಂತ ಅಳೆದೂ ಅಳೆದೂ ಈಗ ನನ್ನ ಮಂಡಿಯೇ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ.

ಕೋಚ್ ಮೇಲೆ ಸಿಟ್ಟು ಬೇಡ. ತಾಯಿಯೇ ಮಗಳನ್ನು ಪರೀಕ್ಷಿಸಬಾರದೆಂದು ನಿನ್ನ ಒಂಟಿಕಾಲಿನ ಜಿಗಿತವನ್ನು ಅಳೆದದ್ದು ನನ್ನ ಸಹೋದ್ಯೋಗಿ. ಮಂಡಿ ಆಪರೇಷನ್ ಆದ ಎಡಗಾಲು ಬಲಗಾಲಿನಷ್ಟೇ ದೂರ ಹಾರಿದರೆ ಆಟಕ್ಕೆ ಇಳಿಸಬಹುದು, ಅದು ನಮ್ಮ ಲೆಕ್ಕ. ಎರಡೂ ಸರಿಸಮ ಬಂದಾಗ ಅವಳು ಚಪ್ಪಾಳೆಯನ್ನೇ ತಟ್ಟಿಬಿಟ್ಟಳು. ಮರುದಿನ ಕೋಚ್ ಫೋನ್ ಮಾಡಿ, "ಮೇಡಂ, ಅಳತೆ ಮೇಲೆ ನೀವೂ ಒಂದ್ಸಲ ಕಣ್ಣಾಡಿಸಿ. ಇಳಿಸ್ಲೋ ಬೇಡ್ವೋ, ಹೇಳ್ಬಿಡಿ" ಎಂದರು.

ನೋಡಿದೆ. ಬಲಗಾಲಿನ ಜಿಗಿತ ಗಾಯಕ್ಕೆ ಮುಂಚಿನದಕ್ಕಿಂತ ಒಂದು ಗೇಣು ಕಡಿಮೆಯಿತ್ತು. ಹಿಂದಿನ ವಾರವಷ್ಟೇ ಅದೇ ಕಾಲು ಎಂದಿಗಿಂತ ಹೆಚ್ಚು ಭಾರ ತಳ್ಳಿತ್ತು. ಎಡಗಾಲಿಗೆ ಸರಿಹೋಗಲಿ ಅಂತ ಗಟ್ಟಿಕಾಲನ್ನು ಬೇಕಂತಲೇ ಬಿಗಿಹಿಡಿದಿದ್ದೀಯ ಕಣೇ. ಆಟಗಾರರು ಹೀಗೂ ನಮ್ಮ ಕಣ್ಣಿಗೆ ಮಣ್ಣೆರಚುತ್ತಾರೆ ಅಂತ ಊಟಕ್ಕೆ ಕೂತಾಗ ನಾನು ನಗುತ್ತಾ ಹೇಳುತ್ತಿದ್ದೆನಲ್ಲ, ಮಹಾರಾಯಿತಿ ಅದೊಂದನ್ನು ಮಾತ್ರ ಚೆನ್ನಾಗಿ ಕಿವಿಗೆ ಹಾಕಿಕೊಂಡಿದ್ದೀಯ.

ಕೋಚ್‌ಗೆ "ಬೇಡ" ಅಂದವಳು ನಾನೇ. ಮಂಡಿ ಇನ್ನೂ ಸಿದ್ಧವಾಗಿಲ್ಲ ಅಂದೆ, ನಿನ್ನ ಕಳ್ಳಾಟದ ಬಗ್ಗೆ ಬಾಯಿಬಿಡಲಿಲ್ಲ. ನೀನು ಅಪ್ಪನ ಹತ್ತಿರ, "ಅಮ್ಮಂಗೆ ನಾನು ಮಗಳಲ್ಲಪ್ಪ, ಬರೀ ಒಂದು ಮಂಡಿ" ಅಂದೆಯಂತೆ. ಕೇಳಿ ಆ ದಿನ ಊಟ ಸೇರಲಿಲ್ಲ. ಇಂಥ ಫೈನಲ್ ಮತ್ತೆ ಸಿಗಲಿಕ್ಕಿಲ್ಲ ಅಂತ ನನಗೂ ಗೊತ್ತು. ಆದರೆ ಅದೇ ಮಂಡಿಯ ಲಿಗಮೆಂಟ್ ಎರಡನೇ ಸಲ ಹರಿದುಕೊಂಡವರನ್ನು ನಾನು ದಿನಾ ನೋಡುತ್ತೇನೆ. ಅವತ್ತು ಮೈದಾನದಲ್ಲಿ ನೀನು ಕಾಲು ಹಿಡಿದುಕೊಂಡು ಕಿರುಚಿದ್ದನ್ನು ಇನ್ನೊಮ್ಮೆ ಕೇಳುವ ಶಕ್ತಿ ನನಗಿಲ್ಲ.

ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ತಿನ್ನು, ಚೆನ್ನಾಗಿ ನಿದ್ದೆ ಮಾಡು. ನನ್ನ ಮೇಲಿನ ಸಿಟ್ಟು ಎಷ್ಟು ದಿನ ಬೇಕಾದರೂ ಇರಲಿ, ವ್ಯಾಯಾಮ ಮಾತ್ರ ಬಿಡಬೇಡ. ನೀನು ಮುದುಕಿಯಾಗುವವರೆಗೂ ನಿನ್ನ ಎರಡೂ ಕಾಲುಗಳು ಗಟ್ಟಿಯಾಗಿರಲಿ.

ನಿನ್ನ,
ಅಮ್ಮ

ತಾ.ಕ.: ಪರೀಕ್ಷೆಯ ದಿನ ನಾನು ಕೋಣೆಯ ಹೊರಗೆ, ಗಾಜಿನ ಆಚೆ ನಿಂತಿದ್ದೆ. ಬಲಗಾಲಿನಲ್ಲಿ ಹಾರಿ ಇಳಿದವಳೇ ನೀನು ತಟ್ಟನೆ ತಿರುಗಿ ನನ್ನನ್ನು ನೋಡಿ ನಕ್ಕೆ. ಗಾಯವಾದ ಮೇಲೆ ನನ್ನನ್ನು ನೋಡಿ ನೀನು ನಕ್ಕದ್ದು ಅದೇ ಮೊದಲು. ನಾನು ಎರಡೂ ಕೈ ಬೀಸಿದೆ, ದಿನವಿಡೀ ಅದೇ ಖುಷಿಯಲ್ಲಿ ಓಡಾಡಿದೆ. ಅಮ್ಮನಿಗೆ ಗೊತ್ತಾಗಿಬಿಟ್ಟಿತೋ ಏನೋ ಅಂತ ತಿರುಗಿ ನೋಡಿದ್ದೆ ನೀನು, ಅಲ್ಲವೇ ಕಂದ?